ಎರಡು ಬೀಡಿಯ ಕೆಲಸ

ನನ್ನ ಹೆಸರು ನಿಂಗಯ್ಯ. ಮಳವಳ್ಳಿ ಪೇಟೆಯಲ್ಲಿ ಕೊಳಾಯಿ ನಿಂಗಯ್ಯ ಅಂದರೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಅಪ್ಪನ ಜಮೀನು ಇಬ್ಬರು ಅಣ್ಣಂದಿರಿಗೇ ಸಾಲದೆ ಹೋದಾಗ, ಮೂರನೆಯವನಾದ ನಾನು ನಾಲೆ ಕೆಲಸಕ್ಕೆ ಬಂದಿದ್ದ ಮದರಾಸಿನ ಮೇಸ್ತ್ರಿಯೊಬ್ಬನ ಹಿಂದೆ ಪೈಪು ಬಿಗಿಯುವ ಪಾನಾ ಹೊತ್ತು ತಿರುಗಿ ಈ ವಿದ್ಯೆ ಕಲಿತೆ. ಆ ಕಾಲಕ್ಕೆ ನಮ್ಮ ತಾಲ್ಲೂಕಿನಲ್ಲಿ ಕೊಳಾಯಿ ಇದ್ದ ಜಾಗಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಇದ್ದವರಿಗೆಲ್ಲ ನಾನೊಬ್ಬನೇ ಗತಿ. ಎಂಥ ಸಾಹುಕಾರರೂ ನನ್ನನ್ನು ಬಾರಪ್ಪ, ಕೂತ್ಕೊಳಪ್ಪ ಅನ್ನುತ್ತಿದ್ದರು. ಅದರಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಈಗ ಹೇಳುವ ಸಂಗತಿಯಲ್ಲಿ ನನ್ನ ಮರ್ಯಾದೆ ಉಳಿಯುವುದಿಲ್ಲ. ಉಳಿಯಲಿ ಅಂತ ಹೇಳುತ್ತಲೂ ಇಲ್ಲ. ಯುದ್ಧ ಮುಗಿದ ಮರುವರ್ಷ, ನಲವತ್ತಾರರ ಬೇಸಗೆಯಲ್ಲಿ ನಡೆದದ್ದು.

ಒಂದು ಬೆಳಗ್ಗೆ ನಮ್ಮ ಜಗಲಿಯ ಕೆಳಗೆ, ಬೀದಿಯಲ್ಲಿ, ಒಬ್ಬ ಮನುಷ್ಯ ತಲೆವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಐವತ್ತರ ಹತ್ತಿರದ ವಯಸ್ಸು. ಮೈಮೇಲೆ ಮಿಲಿಟರಿಯವರ ಹಳೆಯ ಖಾಕಿ ಅಂಗಿ. ಹೆಸರು ಮರಿಯಯ್ಯ ಅಂದ. ಪೂರಿಗಾಲಿ ದಾಟಿ ಮುಂದೆ ಒಂದು ಹಳ್ಳಿಯ ಕೇರಿಯವನು. ಆ ಹಳ್ಳಿಯ ಹೆಸರು ಬೇಡ. ಆಗ ಎಲ್ಲ ಹಳ್ಳಿಯೂ ಹಾಗೇ ಇತ್ತು, ಒಂದನ್ನೇ ಹೆಸರು ಹಿಡಿದು ಬೈಯುವುದು ನ್ಯಾಯವಲ್ಲ.

"ಬುದ್ಧಿ, ಒಂದು ಮನೆ ತಗೋಬೇಕು ಅಂತಿವ್ನಿ. ಅದ್ರ ಕೊಳಾಯಿ ನೆಟ್ಟಗದಾ ಅಂತ ನೀವು ಬಂದು ನೋಡಿ ಏಳ್ಬೇಕು" ಅಂದ.

ನನಗೆ ನಗು ಬಂತು. "ಏನ್ಲಾ, ಮನೆ ತಗಳೋನು ಗೋಡೆ ನೋಡ್ತಾನೆ, ಸೂರು ನೋಡ್ತಾನೆ. ನೀನು ಕೊಳಾಯಿ ನೋಡ್ತೀಯಾ?"

"ನಂಗೆ ಬೇಕಾಗಿರೋದು ಕೊಳಾಯೇ ಬುದ್ಧಿ. ಮನೆ ಅದ್ರ ಜೊತೆಗೆ ಬತ್ತದೆ ಅಷ್ಟೆ."

ಅವನು ಹೇಳುತ್ತಿದ್ದ ಮನೆ ನನಗೂ ಗೊತ್ತಿತ್ತು. ನಾಲೆ ತೋಡುವ ಕಾಲದಲ್ಲಿ ಇಂಜಿನಿಯರೊಬ್ಬರು ಇದ್ದುಕೊಳ್ಳಲು ಮಾಡಿಸಿದ್ದ ಗಾಲಿಮನೆ ಅದು. ನಾಲ್ಕು ಕಬ್ಬಿಣದ ಗಾಲಿ, ಮೇಲೆ ಹಲಗೆಯ ಕೋಣೆ, ತಗಡಿನ ಸೂರು. ನಾಲೆ ಮುಂದೆ ಹೋದ ಹಾಗೆ ಎರಡು ಜೊತೆ ಎತ್ತು ಕಟ್ಟಿ ಏರಿಯ ಮೇಲೆ ಮನೆಯನ್ನೂ ಮುಂದಕ್ಕೆ ಎಳೆಸುತ್ತಿದ್ದರು. ಒಳಗೆ ಒಂದು ಮೂಲೆಯಲ್ಲಿ ಸ್ನಾನದ ಗೂಡು. ಸೂರಿನ ಮೇಲೆ ನಲವತ್ತು ಕೊಡ ಹಿಡಿಸುವ ತೊಟ್ಟಿ. ಆ ತೊಟ್ಟಿಯಿಂದ ಇಳಿದು, ಎರಡು ಪದರ ಹಲಗೆಯ ಗೋಡೆಯ ನಡುವೆ ಹಾದು, ಗೂಡಿನ ನಲ್ಲಿಗೆ ಬರುವ ಪೈಪು. ಕೆಲಸ ಮುಗಿದ ಮೇಲೆ ಹರಾಜಿನಲ್ಲಿ ಅದನ್ನು ಅಕ್ಕಿ ಗಿರಣಿಯ ಮಹದೇವಯ್ಯನವರು ಹಿಡಿದಿದ್ದರು. ಏಳೆಂಟು ವರ್ಷ ಗಿರಣಿಯ ಹಿತ್ತಲಲ್ಲಿ ತೌಡಿನ ಮೂಟೆ ತುಂಬಿಕೊಂಡು ನಿಂತಿತ್ತು. ಈಗ ಮಾರುತ್ತೇನೆ ಅಂದಿದ್ದರು.

ಮರಿಯಯ್ಯನಿಗೆ ಅದು ಯಾಕೆ ಬೇಕಾಗಿತ್ತು ಅನ್ನುವುದನ್ನು ಅವನೇ ಹೇಳಿದ. ನಾನು ಕೇಳಿರಲಿಲ್ಲ.

ಅವರ ಕೇರಿಯಲ್ಲಿ ಎಂಟು ಮನೆ. ಸ್ವಂತ ಬಾವಿ ಇಲ್ಲ. ನಾಲೆ ಹರಿಯುವಾಗ ನಾಲೆಯ ನೀರು. ಆ ಬೇಸಗೆಯಲ್ಲಿ ಹತ್ತು ದಿನ ನೀರು ಬಿಟ್ಟರೆ ಇಪ್ಪತ್ತು ದಿನ ನಿಲ್ಲಿಸುತ್ತಿದ್ದರು. ನಿಲ್ಲಿಸಿದ ದಿನಗಳಲ್ಲಿ ಕೇರಿಯ ಹೆಂಗಸರು ಊರ ಬಾವಿಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು ನಿಲ್ಲಬೇಕು. ಸೇದಲು ಬಂದ ಊರವರಲ್ಲಿ ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಹೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೇರಿಯಲ್ಲಿ ಹೆರಿಗೆಯಾದರೆ ಅದೂ ಇಲ್ಲ. ಒಂದು ಮನೆಯಲ್ಲಿ ಮಗು ಹುಟ್ಟಿದರೆ ಇಡೀ ಕೇರಿಗೇ ಸೂತಕ ಅಂತ ಊರವರು ತೀರ್ಮಾನ ಮಾಡಿದ್ದರು. ಹನ್ನೊಂದು ದಿನ ಆ ಕಡೆಯವರು ಬಾವಿಯ ಕಣ್ಣಿಗೂ ಬೀಳಬಾರದು.

ಮೂರು ವರ್ಷದ ಹಿಂದೆ ಅವನ ಹಿರೀ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆಯಾದಾಗ ನಾಲೆ ನಿಂತಿತ್ತು. ನಾಲೆಯ ಹೊಂಡದಲ್ಲಿ ಉಳಿದಿದ್ದ ಹಸಿರು ನೀರನ್ನೇ ಸೋಸಿ ಬಾಣಂತಿಗೆ ಹೊಯ್ದರು, ಕುಡಿಸಿದರು. ಜ್ವರ ಬಂತು. ಮಗು ನಾಲ್ಕನೆಯ ದಿನ, ತಾಯಿ ಏಳನೆಯ ದಿನ. ಮರಿಯಯ್ಯ ಆಗ ಯುದ್ಧದ ಕೂಲಿ ಪಡೆಯಲ್ಲಿ ಅಸ್ಸಾಮಿನ ಕಡೆ ರಸ್ತೆ ಮಾಡುತ್ತಿದ್ದ. ಸುದ್ದಿ ಮುಟ್ಟುವ ಹೊತ್ತಿಗೆ ಎರಡು ತಿಂಗಳಾಗಿತ್ತು.

"ಈಗ ಕಿರೀಳು ಮಾಯಮ್ಮ ಬಂದವ್ಳೆ ಬುದ್ಧಿ. ದಿನ ತುಂಬೋದು ನಾಲೆ ನಿಂತಿರೋ ಒತ್ತಿಗೇ ಬತ್ತದೆ. ನೀರು ಬುಟ್ಟಾಗ ತೊಟ್ಟಿ ತುಂಬುಸ್ಕೊಂಡ್ರೆ, ಅನ್ನೊಂದು ದಿನ ಯಾರ ಮುಂದ್ಲೂ ನಿಂತ್ಕಬೇಕಾಗಿಲ್ಲ. ಮಿಲಿಟರೀಲಿ ಒಂದೇ ನಲ್ಲೀಲಿ ನಾವೆಲ್ಲ ಕುಡೀತಿದ್ದೊ ಬುದ್ಧಿ. ಯಾರೂ ಏನೂ ಅಂತಿರ್ನಿಲ್ಲ."

ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಆದರೂ ಬರುತ್ತೇನೆ ಅಂದೆ. ಕೆಲಸ ಅಂದರೆ ಕೆಲಸ.

ಹೇಳಿದ ದಿನ ಗಿರಣಿಗೆ ಹೋದೆ. ಮರಿಯಯ್ಯ, ಅವನ ಹೆಂಡತಿ ಚಿಕ್ಕನಂಜಮ್ಮ ಇಬ್ಬರೂ ನನಗಿಂತ ಮುಂಚೆ ಬಂದು ಬೇಲಿಯ ಪಕ್ಕ ನಿಂತಿದ್ದರು. ಸಣ್ಣ ಮೈಕಟ್ಟಿನ ಹೆಂಗಸು, ಮಂಡಿ ಹಿಡಿದಿತ್ತು, ಒಂದು ಕಾಲು ಎಳೆದು ನಡೆಯುತ್ತಿದ್ದಳು. ಕೈಯಲ್ಲಿ ಹೊಸ ಮಣ್ಣಿನ ಕೊಡವೊಂದನ್ನು ತಂದಿದ್ದಳು. ಯಾಕೆ ಅಂದರೆ, ನಲ್ಲಿಯಿಂದ ನೀರು ಬಂದರೆ ಹಿಡಿದು ನೋಡುವುದಕ್ಕಂತೆ.

ಮಹದೇವಯ್ಯನವರು ತೌಡಿನ ಮೂಟೆಗಳನ್ನು ಹೊರಗೆ ಹಾಕಿಸಿದ್ದರು. ಒಳಗೆ ಮುಗ್ಗಲು ವಾಸನೆ. ಗೋಡೆಯ ಕೆಳಗಿನ ಹಲಗೆ ಒಂದಷ್ಟು ಕಡೆ ಕಪ್ಪಾಗಿತ್ತು. ನಾನು ಗಾಲಿ ನೋಡಿದೆ, ಸರಿ ಇತ್ತು. ಸೂರು ಹತ್ತಿ ತೊಟ್ಟಿ ನೋಡಿದೆ. ದಪ್ಪ ತಗಡು, ಒಂದು ಇಲಿ ಸತ್ತು ಒಣಗಿತ್ತು, ಬೇರೆ ಏನೂ ಇಲ್ಲ. ನಲ್ಲಿಯ ವಾಷರು ಪುಡಿಯಾಗಿತ್ತು, ಅದು ಚರ್ಮದ ತುಂಡಿನ ಕೆಲಸ. ಉಳಿದದ್ದು ಗೋಡೆಯೊಳಗಿನ ಪೈಪು. ಅದು ಕಣ್ಣಿಗೆ ಕಾಣುವುದಿಲ್ಲ.

ಕಾಣದ ಪೈಪನ್ನು ನೋಡುವ ರೀತಿ ಎರಡು. ಒಂದು, ನಲ್ಲಿ ಮುಚ್ಚಿ, ತೊಟ್ಟಿ ಬಾಯಿತನಕ ತುಂಬಿಸಿ, ಒಂದು ರಾತ್ರಿ ಬಿಟ್ಟು ನೋಡುವುದು. ಅದಕ್ಕೆ ನಲವತ್ತು ಕೊಡ ನೀರು ಬೇಕು. ಗಿರಣಿಯ ಬಾವಿ ತಳ ಕಂಡಿತ್ತು. "ಒಂದು ಕೊಡ ಬೇಕಾದ್ರೆ ಸೇದಿಸ್ಕೊ, ಅದಕ್ಕಿಂತ ಜಾಸ್ತಿ ಕೇಳ್ಬ್ಯಾಡ ಕಣಪ್ಪ" ಅಂತ ಮಹದೇವಯ್ಯನವರು ಮೊದಲೇ ಹೇಳಿಬಿಟ್ಟರು.

ಎರಡನೆಯದು ನನ್ನ ಮೇಸ್ತ್ರಿ ಕಲಿಸಿದ್ದು. ನೀರಿಲ್ಲದ ಸೀಮೆಗೆ ಅದೇ ಸರಿ. ಒಬ್ಬ ಸೂರಿನ ಮೇಲೆ ಕೂತು, ಬೀಡಿ ಎಳೆದು, ಪೈಪಿನ ಬಾಯಿಗೆ ಬಾಯಿ ಹಚ್ಚಿ ಹೊಗೆ ಊದಬೇಕು. ಇನ್ನೊಬ್ಬ ಕೆಳಗೆ ನಲ್ಲಿಗೆ ಬಾಯಿಟ್ಟು ಮೆಲ್ಲಗೆ ಉಸಿರು ಎಳೆದುಕೊಳ್ಳಬೇಕು. ಪೈಪು ಗಟ್ಟಿಯಿದ್ದರೆ ಮೇಲಿನವನ ಹೊಗೆ ಕೆಳಗಿನವನ ಬಾಯಿಗೆ ಬರುತ್ತದೆ. ಎಲ್ಲಾದರೂ ತೂತಿದ್ದರೆ ಹೊಗೆ ಅಲ್ಲೇ ಹಲಗೆ ಸಂದಿಯಿಂದ ಆಚೆಗೆ ಬಂದು ತಾನೇ ಜಾಗ ತೋರಿಸುತ್ತದೆ. ಸೂಜಿ ತೂತನ್ನೂ ಬಿಡುವುದಿಲ್ಲ.

ಈ ವಿದ್ಯೆಯ ಬಗ್ಗೆ ನನಗೆ ಜಂಬ. ಹೋದ ಕಡೆಯೆಲ್ಲ ಹೇಳಿಕೊಳ್ಳುತ್ತಿದ್ದೆ. ಅಂದೂ ಸೂರಿನ ಮೇಲೆ ಕೂತು ಗಂಡ ಹೆಂಡತಿ ಇಬ್ಬರಿಗೂ ಪಾಠ ಹೇಳಿದ ಹಾಗೆ ಬಿಡಿಸಿ ಹೇಳಿದೆ. ಚಿಕ್ಕನಂಜಮ್ಮ ಬಾಯಿಬಿಟ್ಟುಕೊಂಡು ಕೇಳಿದಳು.

"ಅಂಗಾರೆ ಊದಿ ನೋಡವಾ ಬುದ್ಧಿ" ಅಂದ ಮರಿಯಯ್ಯ.

"ನನ್ನಾಳು ಉಚ್ಚೀರಯ್ಯ ಮುತ್ತತ್ತಿ ಆಂಜನೇಯನಿಗೆ ಅರಕೆ ಅಂತ ಓಗವ್ನೆ ಕಣ್ಲಾ. ಇದಕ್ಕೆ ಇಬ್ರು ಬೇಕು."

"ನಾನಿವ್ನಲ್ಲ ಬುದ್ಧಿ. ನಾನು ಮೇಲೆ ಕೂತು ಊದ್ತೀನಿ. ನೀವು ಕೆಳಗೆ ನಲ್ಲಿ ತಾವ ಬಾಯಿ ಮಡಗಿ."

ಅವನು ಜೇಬಿನಿಂದ ಬೀಡಿಯ ಕಟ್ಟು ತೆಗೆದೂ ಬಿಟ್ಟಿದ್ದ. ಬಹಳ ಸಹಜವಾಗಿ ಹೇಳಿದ. ಅವನು ಎರಡು ವರ್ಷ ದೂರ ದೇಶದಲ್ಲಿ ಇದ್ದು ಬಂದವನು, ಒಂದೇ ನಲ್ಲಿಯಲ್ಲಿ ಕುಡಿದವನು. ಆದರೆ ನಾನು ಮಳವಳ್ಳಿ ಬಿಟ್ಟು ಎಲ್ಲೂ ಹೋಗದವನು. ಅವನ ಎದೆಯೊಳಗಿನ ಉಸಿರು ಆ ಪೈಪಿನಲ್ಲಿ ಹಾದು ನೇರವಾಗಿ ನನ್ನ ಬಾಯಿಗೆ ಬರುತ್ತದೆ ಅನ್ನುವುದೊಂದೇ ನನ್ನ ತಲೆಗೆ ಬಂದದ್ದು. ಅವನು ಕೆಳಗಿದ್ದು ನಾನು ಮೇಲಿಂದ ಊದಬಹುದಿತ್ತು. ಹಾಗೆ ಮಾಡಿದರೂ, ಅವನು ಬಾಯಿಟ್ಟ ನಲ್ಲಿಯನ್ನು ಆಮೇಲೆ ನಾನು ಬಿಚ್ಚಿ ಕಟ್ಟಬೇಕಲ್ಲ ಅಂತ ಅದಕ್ಕೂ ಒಂದು ಕಾರಣ ಹುಡುಕಿಕೊಂಡೆ. ಗಿರಣಿಯ ಆಳನ್ನು ಕರೆಯಬಹುದಿತ್ತು, ಕೇರಿಯವನ ಕೆಲಸಕ್ಕೆ ಅಷ್ಟೆಲ್ಲ ಯಾಕೆ ಅನ್ನಿಸಿತು. ಗಂಡ ಹೆಂಡತಿ ಇಬ್ಬರೇ ಊದಲಿ, ನಾನು ಗೋಡೆ ನೋಡುತ್ತೇನೆ ಅನ್ನುವುದು ಮಾತ್ರ ನನಗೆ ಹೊಳೆಯಲೇ ಇಲ್ಲ. ನನ್ನ ವಿದ್ಯೆಯನ್ನು ಅವರ ಕೈಗೆ ಕೊಡುವುದು ಹೊಳೆಯುವ ಕಾಲವಲ್ಲ ಅದು.

"ಬ್ಯಾಡ ಬುಡು" ಅಂದೆ. "ಈ ಪೈಪಿಗೆ ಅದೆಲ್ಲ ಬ್ಯಾಡ. ಸದ್ದಲ್ಲೇ ಗೊತ್ತಾಯ್ತದೆ."

ಪಾನಾ ತೆಗೆದುಕೊಂಡು ಗೋಡೆಯ ಉದ್ದಕ್ಕೂ ಟಕ್ ಟಕ್ ಅಂತ ಬಡಿದೆ. ಹಲಗೆ ಸದ್ದು ಮಾಡಿತು. ಹಲಗೆಯ ಹಿಂದಿನ ಪೈಪಿನ ಸದ್ದು ಯಾವ ದೇವರಿಗೂ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆಯೇ? ಕೇಳಿಸಿದವನ ಹಾಗೆ ತಲೆಯಾಡಿಸಿದೆ. ಆಮೇಲೆ ಗಿರಣಿಯ ಆಳಿನಿಂದ ಒಂದು ಕೊಡ ನೀರು ಸೇದಿಸಿಕೊಂಡು ನಲ್ಲಿ ತೆರೆದಿಟ್ಟು, ಸೂರು ಹತ್ತಿ, ತೊಟ್ಟಿಗೆ ಚೊಂಬು ಚೊಂಬಾಗಿ ಹೊಯ್ದೆ.

ಕೆಳಗೆ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಚಿಕ್ಕನಂಜಮ್ಮ ತಂದಿದ್ದ ಕೊಡವನ್ನು ನಲ್ಲಿಯ ಕೆಳಗಿಟ್ಟು ಕುಕ್ಕುರುಗಾಲಲ್ಲಿ ಕೂತಳು. ಯಾರೂ ಮೇಲಿನಿಂದ ಹೊಯ್ಯದೆ, ಯಾರ ಮುಖವನ್ನೂ ನೋಡದೆ, ನೀರು ತಾನಾಗಿ ಅವಳ ಕೊಡಕ್ಕೆ ಬೀಳುತ್ತಿತ್ತು. ಅವಳು ಒಂದು ಕೈಯಲ್ಲಿ ಆ ನೀರನ್ನು ಮುಟ್ಟಿ ಮುಟ್ಟಿ ನೋಡಿದಳು. "ಬತ್ತದೆ ಕಣಯ್ಯ, ಬತ್ತದೆ" ಅಂತ ಗಂಡನಿಗೆ ಹೇಳಿದಳು. ಆ ಮುಖ ನೋಡಿ ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಏನೋ ಪುಣ್ಯದ ಕೆಲಸ ಮಾಡಿದೆ ಅನ್ನಿಸಿತು.

ಕೊಡ ತುಂಬುತ್ತದೆ ಅಂತ ಮರಿಯಯ್ಯ ಕಾದ. ತುಂಬಲಿಲ್ಲ.

"ಒಂದ್ ಚೊಂಬು ಕಮ್ಮಿ ಬಂತು ಬುದ್ಧಿ" ಅಂದ.

"ತೊಟ್ಟಿ ಏಳೆಂಟು ವರ್ಷ ಒಣಗಿತ್ತಲ್ಲಾ, ಒಂದಷ್ಟು ಕುಡ್ಕಂಡಿರ್ತದೆ."

ತಗಡಿನ ತೊಟ್ಟಿ ನೀರು ಕುಡಿಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಹೇಳಿದವನು ಕೊಳಾಯಿ ನಿಂಗಯ್ಯ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಸರಿ ಅಂದ.

ನಲ್ಲಿಗೆ ಚರ್ಮದ ವಾಷರು ಹಾಕಿ ಮುಗಿಸಿದಾಗ, ನನ್ನ ಕೂಲಿಯನ್ನು ಅವನು ಗಾಲಿಯ ಪಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ನಾನು ಹೋಗಿ ಎತ್ತಿಕೊಂಡೆ. ಅವನ ಉಸಿರು ನನಗೆ ಆಗದಾಗಿತ್ತು, ಅವನ ದುಡ್ಡು ಆಗುತ್ತಿತ್ತು.

ಮನೆ ಅವರದಾಯಿತು. ಬೇರೆ ಊರಿನ ನೆಂಟರಿಂದ ಎರಡು ಜೊತೆ ಎತ್ತು ತಂದು ಒಂದು ಹಗಲೆಲ್ಲ ಎಳೆದುಕೊಂಡು ಹೋದರಂತೆ. ಪೂರಿಗಾಲಿಯಲ್ಲಿ ಜನ ಅಂಗಡಿ ಬಿಟ್ಟು ಎದ್ದು ಬಂದು ನೋಡಿದರಂತೆ. ಉಚ್ಚೀರಯ್ಯ ಹರಕೆ ಮುಗಿಸಿ ವಾಪಸ್ಸು ಬಂದವನು, "ಅಲ್ಲ ಕಣಣ್ಣ, ಆ ಗಾಲಿಮನೆ ಪೈಪು ಊದಿದ್ಯಾ?" ಅಂತ ಕೇಳಿದ. ಊದಿದೆ ಅಂದೆ. ಯಾರ ಜೊತೆ ಅಂತ ಅವನು ಕೇಳಲಿಲ್ಲ.

ಇಪ್ಪತ್ತು ದಿನವಾಗಿರಬೇಕು. ಮತ್ತೊಂದು ಬೆಳಗ್ಗೆ ಮರಿಯಯ್ಯ ನಮ್ಮ ಜಗಲಿಯ ಕೆಳಗೆ ನಿಂತಿದ್ದ. ಈ ಸಲ ಅಂಗಿ ಇರಲಿಲ್ಲ. ಕಾಲು ಮೊಣಕಾಲುತನಕ ಧೂಳು. ಕತ್ತಲಿರುವಾಗಲೇ ಹೊರಟು ನಡೆದು ಬಂದಿದ್ದ.

ನಾಲೆಯಲ್ಲಿ ನೀರಿದ್ದ ಕೊನೆಯ ಎರಡು ದಿನ ಗಂಡ, ಹೆಂಡತಿ, ತುಂಬು ಬಸುರಿ ಮಗಳು ಮೂವರೂ ಸೇರಿ ನಲವತ್ತು ಕೊಡ ಹೊತ್ತು ತೊಟ್ಟಿ ತುಂಬಿಸಿದ್ದರು. ಬೇಡ ಅಂದರೂ ಮಾಯಮ್ಮ ಕೇಳಲಿಲ್ಲವಂತೆ, ನನ್ನ ನೀರು ನಾನೇ ತರ್ತೀನಿ ಅಂದಳಂತೆ. ಆ ಸಂಜೆ ನಾಲೆ ನಿಂತಿತು. ಅವನು ನನ್ನ ಹತ್ತಿರ ಬರುವ ಹಿಂದಿನ ದಿನ ಬೆಳಗಾಗೆದ್ದು ನೋಡಿದರೆ ಗಾಲಿಯ ಕೆಳಗೆಲ್ಲ ಕೆಸರು. ತೊಟ್ಟಿಯಲ್ಲಿ ತಳದ ತೇವ ಬಿಟ್ಟರೆ ಏನೂ ಉಳಿದಿರಲಿಲ್ಲ.

"ನೀರು ಗ್ವಾಡೆ ಒಳಗಿಂದ ಓಗ್ಬುಟ್ಟದೆ ಬುದ್ಧಿ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ನಾಳೆ ಒಂದಿನ ಕಬ್ಬಿಗೆ ಅಂತ ನೀರು ಬುಡ್ತಾರಂತೆ, ತೂಬಿನೋರು ಏಳವ್ರೆ. ಒಂದೇ ದಿನ. ಈವತ್ತು ನೀವು ಬಂದು ಸರಿ ಮಾಡ್ಕೊಟ್ರೆ ನಾಳೆ ಮತ್ತೆ ತುಂಬುಸ್ಕತೀವಿ."

ನಾನು ಪಾನಾದ ಚೀಲ ತರಲು ಏಳುತ್ತಿದ್ದವನೇ. ಏಳುತ್ತ ಏಳುತ್ತ ಕೇಳಿದೆ. "ಮಗಳಿಗೆ ಎರಿಗೆ ಆಯ್ತಾ?"

ಆಗಿಲ್ಲ ಅಂದಿದ್ದರೆ ನಾನು ಹೋಗುತ್ತಿದ್ದೆ. ಸುಳ್ಳು ಹೇಳಬಹುದಿತ್ತು ಅವನು. ಯಾರು ಕೇಳುತ್ತಿದ್ದರು? ಆದರೆ ಅವನ ಮುಖದಲ್ಲಿ ಆಗಲೂ ಒಂದು ನಗು ಬಂತು.

"ರಾತ್ರಿ ಆಯ್ತು ಬುದ್ಧಿ. ಗಂಡುಮಗ."

ನಾನು ಎದ್ದವನು ಹಾಗೇ ಕೂತೆ. "ಸೂತಕ ಆಯ್ತಲ್ಲಾ ಮರಿಯಯ್ಯ. ಸೂತಕದ ಮನೇಲಿ ನಾನೆಂಗೆ ಕೈ ಹಾಕ್ಲಿ? ಅನ್ನೊಂದು ದಿನ ಕಳೀಲಿ. ಅನ್ನೆರಡನೇ ದಿನ ನಾನೇ ಬತ್ತೀನಿ. ನೀನು ಕರೆಯಾಕೂ ಬರ್ಬ್ಯಾಡ."

"ಅನ್ನೊಂದು ದಿನಕ್ಕೇ ಅಲ್ವಾ ಬುದ್ಧಿ ನೀರು ಬೇಕಾಗಿರೋದು?"

ಆ ಮಾತಿಗೆ ನನಗೆ ಸಿಟ್ಟು ಬಂತು. "ನಿಂಗೆ ಏಳಿದ್ದು ತಿಳಿಯಾಕಿಲ್ವಾ?" ಅಂತ ಗದರಿದೆ. ಬಾಗಿಲಲ್ಲಿ ನನ್ನ ಹೆಂಡತಿ ಅಂಕಮ್ಮ ನಿಂತಿದ್ದಳು. ಅವಳು ತಡೆದಳು ಅಂತ ಈಗ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಅವಳು ತಡೆಯಲಿಲ್ಲ. ಮರಿಯಯ್ಯ ತಲೆವಸ್ತ್ರ ಸುತ್ತಿಕೊಂಡು ಹೊರಟುಹೋದ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದ. ನಾನು ಮನಸ್ಸು ಬದಲಾಯಿಸಿ ಹಿಂದೆ ಬರುತ್ತಿದ್ದೇನೇನೋ ಅಂತ ನೋಡಿದ ಅಂತ ಕಾಣುತ್ತದೆ.

ಹನ್ನೆರಡನೆಯ ದಿನ ಹೋದೆ. ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು! ಹೊಸ ಪೈಪಿನ ತುಂಡು, ಸಂದಿಗೆ ಸುತ್ತುವ ಸಣಬಿನ ನಾರು, ಅದರ ಮೇಲೆ ಬಳಿಯುವ ಸಫೇದ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋದೆ. ಕೂಲಿ ಬೇಡ ಅನ್ನಬೇಕು ಅಂತ ದಾರಿಯಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನದಿಂದ ಮನಸ್ಸು ಹಗುರವಾಗಿತ್ತು. ಬಿಸಿಲು ಮಾತ್ರ ವಿಪರೀತ. ನಾಲೆಯಲ್ಲಿ ಒಂದು ತೊಟ್ಟು ನೀರಿರಲಿಲ್ಲ. ತಳದ ಮಣ್ಣು ಬಿರುಕು ಬಿಟ್ಟಿತ್ತು. ಹೊಂಡವೊಂದರಲ್ಲಿ ಮಾತ್ರ ಹಸಿರು ನೀರು ನಿಂತಿತ್ತು, ಅದರ ದಡದಲ್ಲಿ ಕೊಡ ಮೊಗೆದ ಗುರುತುಗಳಿದ್ದವು. ಅದನ್ನು ನೋಡಿಕೊಂಡೇ ಮುಂದೆ ನಡೆದೆ.

ಗಾಲಿಮನೆ ಕೇರಿಯ ಕೊನೆಯಲ್ಲಿ, ಒಂದು ಹುಣಸೆ ಮರದ ಕೆಳಗೆ ನಿಂತಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಮರಿಯಯ್ಯ ಎದುರಿಗೆ ಬಂದು ದೂರದಲ್ಲೇ ಕೈಯೆತ್ತಿ ತಡೆದ. ತಲೆ ಬೋಳಿಸಿಕೊಂಡಿದ್ದ.

"ಅಲ್ಲೇ ನಿಂತ್ಕಳಿ ಬುದ್ಧಿ. ಮತ್ತೆ ಸೂತಕ ಬಂದದೆ. ನಿಮ್ಗ್ಯಾಕೆ."

ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ಮಾಯಮ್ಮ, ಎಂಟನೆಯ ದಿನ ಅಂದ. ಅವಳ ಅಕ್ಕನಿಗೆ ಬಂದ ಜ್ವರವೇ.

ಚಿಕ್ಕನಂಜಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಮಗು. ಬಟ್ಟೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದರ ಬಾಯಿಗಿಡುತ್ತಿದ್ದಳು. ಮಗುವಿಗೆ ಚೀಪುವ ಶಕ್ತಿ ಇದ್ದ ಹಾಗೆ ಕಾಣಲಿಲ್ಲ. ಹಾಲು ಕಟವಾಯಿಂದ ಇಳಿಯುತ್ತಿತ್ತು, ಅವಳು ಒರೆಸುತ್ತಿದ್ದಳು, ಮತ್ತೆ ಅದ್ದುತ್ತಿದ್ದಳು.

ಮನೆಯ ಹೊರಗೋಡೆಯ ಒಂದು ಹಲಗೆಯನ್ನು ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದರು. ಮೊಳೆಗಳನ್ನು ಒಂದೂ ಬಗ್ಗದಂತೆ ಕಿತ್ತು ಒಂದು ಚಿಪ್ಪಿನಲ್ಲಿ ಹಾಕಿಟ್ಟಿದ್ದರು. ಒಳಗಿನ ಪೈಪು ನಾನು ನಿಂತ ಜಾಗಕ್ಕೇ ಕಾಣುತ್ತಿತ್ತು. ಅಡ್ಡ ಹಾದ ಪೈಪಿನ ಒಂದು ಕಡೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಡಾಂಬರು ಮೆತ್ತಿ, ತಂತಿ ಕಟ್ಟಿತ್ತು. ನಾನು ಮಾಡಿದ್ದರೂ ಅದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ.

"ತೂತು ಎಲ್ಲಿತ್ತು?" ಅಂದೆ. ಕಸುಬಿನವನ ಬಾಯಿ, ಅದೇ ಮೊದಲು ಕೇಳುತ್ತದೆ.

"ಪೈಪಿನ ಬೆನ್ನ ಮೇಲ್ಗಡೆ ಬುದ್ಧಿ. ಎಬ್ಬೆಟ್ಟಿನ ಉಗುರಷ್ಟು ಅಗಲ. ತುಕ್ಕು ತಿಂದಿತ್ತು."

ತೌಡಿನ ಮೂಟೆಯ ತೇವ ಅಷ್ಟು ವರ್ಷ ಅದನ್ನು ತಿಂದಿತ್ತು. ಮೇಲ್ಗಡೆಯ ತೂತು. ನಾನು ನಲ್ಲಿ ಬಿಟ್ಟುಕೊಂಡು ಚೊಂಬು ಚೊಂಬಾಗಿ ಹೊಯ್ದಾಗ ನೀರು ಪೈಪಿನ ತಳ ಹಿಡಿದು ತೂತಿನ ಕೆಳಗೇ ಹರಿದು ಹೋಗಿತ್ತು. ಅಷ್ಟಿಷ್ಟು ಉಕ್ಕಿದ್ದೇ ಆ ಒಂದು ಚೊಂಬು. ನಲ್ಲಿ ಮುಚ್ಚಿ ತೊಟ್ಟಿ ತುಂಬಿಸಿದಾಗ ಪೈಪು ತುಂಬಿ, ನಲವತ್ತು ಕೊಡದ ಭಾರವೂ ಮೇಲಿಂದ ಒತ್ತಿ, ಇದ್ದಬದ್ದ ನೀರೆಲ್ಲ ಅಲ್ಲಿಂದ ಹೋಯಿತು. ಹೊಗೆಯಾಗಿದ್ದರೆ ಮೊದಲ ಉಸಿರಿಗೇ ಅಲ್ಲಿಂದ ಮೇಲೇಳುತ್ತಿತ್ತು.

"ಎಂಗೆ ಕಂಡುಹಿಡಿದ್ರಿ?"

"ನೀವೇ ಏಳ್ಕೊಟ್ಟಿದ್ರಲ್ಲ ಬುದ್ಧಿ. ನಾನು ಮೇಲೆ ಕೂತು ಊದ್ದೆ. ಇವ್ಳು ನಲ್ಲಿಗೆ ಬಾಯಿ ಮಡಗಿದ್ಲು. ಅಲಗೆ ಸಂದೀಲಿ ಒಗೆ ಬಂತು. ಎರಡು ಬೀಡಿ ಆಯ್ತು ಅಷ್ಟೆ."

"ಯಾವತ್ತು?"

"ಮಗ ಉಟ್ಟಿದ ಮೂರನೇ ದಿನ. ಕಬ್ಬಿನ ನೀರು ಬುಟ್ಟು ನಿಂತೋದ ಮಾರ್ನೆ ದಿನ."

"ಮೊದ್ಲೇ ಯಾಕ್ ಊದ್ಲಿಲ್ಲಾ ನೀನು? ನೀರು ಬಂದಿದ್ ದಿನ ಯಾಕ್ ಊದ್ಲಿಲ್ಲ?" ಅಂತ ನಾನು ಅವನ ಮೇಲೇ ರೇಗಿದೆ. ಆ ಕ್ಷಣಕ್ಕೆ ತಪ್ಪು ಅವನದಾಗಿಬಿಡಲಿ ಅಂತ ನನ್ನ ಜೀವ ಹಾತೊರೆಯಿತು.

ಅವನು ನೆಲ ನೋಡಿಕೊಂಡು ಹೇಳಿದ. "ನಿಮ್ಮ ಕೆಲ್ಸ ಅಲ್ವಾ ಬುದ್ಧಿ. ನಾವು ಮುಟ್ಟಿ ಕೆಡಿಸ್ಬಾರ್ದು ಅಂತ. ನೀವು ಮನಸ್ ಮಾಡಿ ಬಂದ್ಬುಡ್ತೀರೇನೋ ಅಂತ ಆವತ್ತೆಲ್ಲ ದಾರಿ ನೋಡ್ದೊ. ನಾಲೆ ಅರೀತಾನೇ ಇತ್ತು. ಇದ್ದ ಎರಡು ಮಡಕೇಲಿ ತುಂಬ್ಕಂಡೊ. ಅದೆಷ್ಟು ದಿನಕ್ಕಾಯ್ತದೆ."

ಇಡೀ ಒಂದು ದಿನ ನಾಲೆ ಅವರ ಮುಂದೆ ಹರಿದಿತ್ತು. ನಾನು ಅಂದು ಮನೆಯಲ್ಲಿ ಊಟ ಮಾಡಿ ಮಲಗಿದ್ದೆ.

ಅಷ್ಟು ಹೊತ್ತು ತಲೆಯೆತ್ತದೆ ಇದ್ದ ಚಿಕ್ಕನಂಜಮ್ಮ ಆಗ ನನ್ನ ಕಡೆ ನೋಡಿದಳು. ಬೈಯುವ ದನಿಯಲ್ಲಿ ಕೇಳಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಕೇಳುವ ಹಾಗೆ ಕೇಳಿದಳು.

"ಆವತ್ತು ಗಿರಣೀಲಿ ನೀವೂ ಇದ್ರಿ, ಇವ್ರೂ ಇದ್ರು, ಬೀಡಿನೂ ಇತ್ತು. ಎರಡು ಬೀಡಿ ಕೆಲ್ಸ. ಆವತ್ತೇ ಯಾಕ್ ಊದ್ಲಿಲ್ಲ ಬುದ್ಧಿ?"

ಮರಿಯಯ್ಯ ನನ್ನ ಮುಖ ನೋಡಲಿಲ್ಲ. ಅವನಿಗೆ ಗೊತ್ತಿತ್ತು. ಗಿರಣಿಯ ಹಿತ್ತಲಲ್ಲಿ ಬೀಡಿಯ ಕಟ್ಟು ಕೈಯಲ್ಲಿ ಹಿಡಿದು ನಿಂತಾಗಲೇ ಅವನಿಗೆ ಗೊತ್ತಾಗಿತ್ತು. ಹೆಂಡತಿಗೆ ಹೇಳಿರಲಿಲ್ಲ ಅಷ್ಟೆ.

"ಮರ್ತೋಯ್ತು ಕಣಮ್ಮ" ಅಂದೆ.

"ಮರ್ತೋಯ್ತಂತೆ" ಅಂತ ಅವಳು ಗಂಡನಿಗೆ ಹೇಳಿದಳು. ಹೇಳಿ, ಮತ್ತೆ ಬತ್ತಿಯನ್ನು ಹಾಲಿನಲ್ಲಿ ಅದ್ದಿದಳು.

ನಾನು ತಂದಿದ್ದ ಪೈಪು, ನಾರು, ಸಫೇದ ಎಲ್ಲ ಚೀಲದಲ್ಲೇ ಇದ್ದವು. ಇನ್ನು ಮಾಡುವುದಕ್ಕೆ ಕೆಲಸ ಇರಲಿಲ್ಲ. ಪೈಪು ಈಗ ಗಟ್ಟಿಯಿತ್ತು. ತೊಟ್ಟಿ ಒಣಗಿತ್ತು. ಇನ್ನು ಏಳೆಂಟು ದಿನಕ್ಕೆ ನಾಲೆ ಬಿಡುತ್ತಾರೆ, ಆಗ ತುಂಬಿಸಿಕೊಳ್ಳುತ್ತೇವೆ ಅಂದ ಮರಿಯಯ್ಯ. ಆ ಮಗು ಏಳೆಂಟು ದಿನ ಇರುವ ಹಾಗೆ ನನಗೆ ಕಾಣಲಿಲ್ಲ. ಯಾರಿಗೋಸ್ಕರ ತುಂಬಿಸುತ್ತೀಯ ಅಂತ ಕೇಳುವ ಧೈರ್ಯವೂ ಆಗಲಿಲ್ಲ. ಬತ್ತೀನಿ ಅಂದೆ. "ಬಿಸ್ಲು ಜಾಸ್ತಿ, ನೆಳ್ಳು ಇಡ್ಕಂಡು ಓಗಿ ಬುದ್ಧಿ" ಅಂದ.

ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಕೇರಿಯಲ್ಲಿ ಯಾರೂ ನೀರು ಬೇಕಾ ಅಂತ ಕೇಳಲಿಲ್ಲ. ಕೇಳಿದರೆ ನಾನು ಕುಡಿಯುವುದಿಲ್ಲ ಅಂತ ಅವರಿಗೆ ಗೊತ್ತು. ಕೊಡಲು ಅವರ ಹತ್ತಿರ ಹೊಂಡದ ನೀರು ಬಿಟ್ಟು ಬೇರೆ ಇರಲೂ ಇಲ್ಲ. ಊರ ಬಾವಿಯ ತನಕ ಬಂದೆ. ಬಾವಿಕಟ್ಟೆಯ ಮೇಲೆ ಒಬ್ಬಾಕೆ ನೀರು ಸೇದುತ್ತಿದ್ದಳು. ನನ್ನ ಚೀಲವನ್ನೂ ಕಾಲಿನ ಧೂಳನ್ನೂ ನೋಡಿ ಕೇಳಿದಳು.

"ಎಲ್ಲಿಂದ ಬಂದ್ರಿ? ಕೇರಿ ಕಡೆಯಿಂದ್ಲಾ? ಅಲ್ಲಿ ಸೂತಕ ಅದೆ."

"ಇಲ್ಲ ಕಣಮ್ಮ, ಮಳವಳ್ಳಿಯಿಂದ" ಅಂದೆ.

ಅವಳು ಮತ್ತೆ ಕೇಳಲಿಲ್ಲ. ಆಗತಾನೆ ಸೇದಿದ ಕೊಡವನ್ನು ಎತ್ತಿ ನನ್ನ ಬೊಗಸೆಗೆ ಹೊಯ್ದಳು. ತಣ್ಣಗಿನ ತಿಳಿ ನೀರು. ಹೊಟ್ಟೆ ತುಂಬ ಕುಡಿದೆ.